ಬರೆಯದೆ ಬಿಟ್ಟ ಕಾರಣ

ಮಂಡ್ಯ ಜಿಲ್ಲೆಯ ಒಂದು ತಾಲ್ಲೂಕು ಆಸ್ಪತ್ರೆ. ಶವಾಗಾರದ ಎದುರು ಹೊಂಗೆ ಮರದ ಕಟ್ಟೆಯ ಮೇಲೆ ಹದಿನೈದಿಪ್ಪತ್ತು ಜನ ಕೂತಿದ್ದೆವು. ಹಿಂದಿನ ರಾತ್ರಿ ನೆಂಟರೂರಿನ ಮಾರಿಹಬ್ಬದ ಬಾಡೂಟ ಮುಗಿಸಿ ಬೈಕಿನಲ್ಲಿ ಹೊರಟವನು, ರಸ್ತೆ ಪಕ್ಕ ಕೆಟ್ಟು ನಿಂತಿದ್ದ ಕಬ್ಬಿನ ಟ್ರ್ಯಾಕ್ಟರಿನ ಟ್ರೇಲರಿಗೆ ಹೋಗಿ ಗುದ್ದಿದ್ದ. ಟ್ರೇಲರಿಗೆ ಹಿಂದಿನ ದೀಪ ಇರಲಿಲ್ಲ. ಇವನ ಹೆಲ್ಮೆಟ್ ಕನ್ನಡಿಗೆ ನೇತುಬಿದ್ದಿತ್ತು. ಡಾಕ್ಟರು ಬಂದು ಸ್ಕೂಟರ್ ನಿಲ್ಲಿಸುತ್ತಿದ್ದಂತೆ ಸತ್ತವನ ಸೋದರಮಾವ ಎದ್ದು ಹೋಗಿ ಕೈಮುಗಿದು ನಿಂತ. "ಸಾ, ಎಣ್ಣೆ ಗಿಣ್ಣೆ ಅಂತ ಏನೂ ಬರೀಬ್ಯಾಡಿ ಸಾ. ಎಲ್ಡು ಹೆಣ್ಮಕ್ಳವೆ. ಇನ್ಸೂರೆನ್ಸು ಬರಾಕಿಲ್ವಂತೆ." ಡಾಕ್ಟರು ಮಾತಾಡದೆ ಒಳಗೆ ಹೋದರು. ಕಟ್ಟೆಯ ಮೇಲಿದ್ದ ಯಾರಿಗೂ ಆ ಮಾತು ತಪ್ಪೆನಿಸಲಿಲ್ಲ. ನನಗೂ ಅನಿಸಲಿಲ್ಲ.

ಸೋದರಮಾವನ ಭಯ ಸುಳ್ಳಲ್ಲ. ಗಾಡಿಯ ಮಾಲೀಕನೇ ಓಡಿಸುತ್ತ ಸತ್ತರೆ ಮನೆಯವರಿಗೆ 15 ಲಕ್ಷ ರೂಪಾಯಿ ಕೊಡಿಸುವ ಕಡ್ಡಾಯ ವೈಯಕ್ತಿಕ ಅಪಘಾತ ವಿಮೆ ನಮ್ಮಲ್ಲಿದೆ. ಆದರೆ ಸತ್ತವನು ಕುಡಿದಿದ್ದರೆ ಅದು ಸಿಗುವುದಿಲ್ಲ ಎಂದು ಪಾಲಿಸಿಯಲ್ಲೇ ಅಚ್ಚಾಗಿದೆ. ಜಖಂಗೊಂಡ ಗಾಡಿಯ ಪರಿಹಾರಕ್ಕೂ ಅದೇ ಗತಿ. ರಕ್ತಪರೀಕ್ಷೆಯ ವರದಿ ಇಲ್ಲದಿದ್ದರೂ, ಓಡಿಸುತ್ತಿದ್ದವನು ಕುಡಿದಿದ್ದ ಎಂದು ಬೇರೆ ಸಾಕ್ಷ್ಯಗಳಿಂದ ತೋರಿಸಿದರೆ ವಿಮಾ ಕಂಪನಿ ಪರಿಹಾರ ನಿರಾಕರಿಸಬಹುದು ಎಂದು ಸುಪ್ರೀಂ ಕೋರ್ಟ್ 2021ರಲ್ಲಿ ಹೇಳಿದೆ. ಹೀಗಾಗಿ ಕುಡಿತದ ಸುದ್ದಿ ಕಾಗದಕ್ಕೆ ಏರಿತೋ, ಮನೆಯವರು ಎರಡನೇ ಸಲ ಮುಳುಗಿದಂತೆ. ಏರದೇ ಇದ್ದರೆ ಆ ಸಾವಿಗೆ 'ಅತಿವೇಗ', 'ಅಜಾಗರೂಕತೆ' ಎಂಬ ಯಾವುದೋ ಹೆಸರು ಅಂಟಿಕೊಳ್ಳುತ್ತದೆ.

ದೇಶದ ಲೆಕ್ಕ ಕಟ್ಟುವುದು ಇಂಥ ಕಾಗದಗಳಿಂದಲೇ. ಕೇಂದ್ರ ಸಾರಿಗೆ ಸಚಿವಾಲಯದ ವರದಿಯಂತೆ 2022ರಲ್ಲಿ ಭಾರತದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ. ಅದರಲ್ಲಿ ಕುಡಿತ ಅಥವಾ ಮಾದಕ ವಸ್ತುವಿನ ಲೆಕ್ಕಕ್ಕೆ ಸೇರಿದ್ದು ನೂರಕ್ಕೆ ಎರಡು ಮೂರು ಮಾತ್ರ. ಎಪ್ಪತ್ತಕ್ಕೂ ಹೆಚ್ಚು ಪಾಲು ಅತಿವೇಗದ ಹೆಸರಿನಲ್ಲಿದೆ. ಈ ಅಂಕಿಯನ್ನು ನಂಬುವುದಾದರೆ ಕುಡಿದು ಓಡಿಸುವುದು ನಮ್ಮ ದೇಶದಲ್ಲಿ ತೀರಾ ಸಣ್ಣ ಸಮಸ್ಯೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ದಶಕಗಳ ಕಾಲ ಅಪಘಾತದ ಗಾಯಗಳನ್ನು ಅಧ್ಯಯನ ಮಾಡಿದ ಡಾ. ಜಿ. ಗುರುರಾಜ್ ಅವರ ಬರಹಗಳು ಬೇರೆಯೇ ಚಿತ್ರ ಕೊಡುತ್ತವೆ. ಮಿದುಳಿಗೆ ಪೆಟ್ಟು ಬಿದ್ದವರಲ್ಲಿ ನೂರಕ್ಕೆ 15ರಿಂದ 20 ಮಂದಿ ಆ ಹೊತ್ತಿನಲ್ಲಿ ಮದ್ಯದ ಪ್ರಭಾವದಲ್ಲಿದ್ದರು ಎನ್ನುತ್ತವೆ ಅವು. ಇವರೆಲ್ಲ ಗಾಡಿ ಓಡಿಸುತ್ತಿದ್ದವರೇ ಅಲ್ಲ, ಬಿದ್ದವರು ಬಡಿದಾಡಿದವರೂ ಆ ಲೆಕ್ಕದಲ್ಲಿದ್ದಾರೆ, ನಿಜ. ಆದರೂ ಎರಡಕ್ಕೂ ಇಪ್ಪತ್ತಕ್ಕೂ ನಡುವೆ ಇರುವ ಕಂದಕದಲ್ಲಿ ಎಷ್ಟು ಮನೆಗಳು ಬಿದ್ದಿರಬಹುದು ಎಂದು ಯೋಚಿಸಿ. ನಮ್ಮಲ್ಲಿ ದಂಡದ ಲೆಕ್ಕ ರೂಪಾಯಿ ಪೈಸೆಯವರೆಗೆ ಇದೆ. ಸಾವಿನ ಲೆಕ್ಕ ಇಲ್ಲ. ಈ ಇಡೀ ಪ್ರಶ್ನೆಯ ಬುಡ ಇರುವುದು ಇಲ್ಲೇ ಎಂಬುದು ನನ್ನ ವಾದ.

ಕಾನೂನಿನ ಮಿತಿ ಎಷ್ಟು ಎಂದು ಕೇಳಿದರೆ ಬಹಳ ಮಂದಿ "ಒಂದು ನೈಂಟಿ ಹಾಕ್ಕಂಡ್ರೆ ಏನೂ ಆಗಲ್ಲ ಬಿಡಿ" ಎನ್ನುತ್ತಾರೆ. ಲೆಕ್ಕ ಹಾಕಿಯೇ ನೋಡೋಣ. ಮೋಟಾರು ವಾಹನ ಕಾಯ್ದೆಯ 185ನೇ ಕಲಮಿನ ಪ್ರಕಾರ 100 ಮಿ.ಲೀ. ರಕ್ತದಲ್ಲಿ 30 ಮಿ.ಗ್ರಾಂ ಮದ್ಯಸಾರ ದಾಟಿದರೆ ಅಪರಾಧ. ನಮ್ಮ ವಿಸ್ಕಿ, ರಮ್‌ಗಳಲ್ಲಿ ಮದ್ಯಸಾರ ಶೇ. 42.8. ಅಂದರೆ 90 ಮಿ.ಲೀ.ನಲ್ಲಿ ಸುಮಾರು 30 ಗ್ರಾಂ ಶುದ್ಧ ಮದ್ಯಸಾರ. ಅರವತ್ತು ಕಿಲೋ ತೂಗುವ ಗಂಡಸಿನ ರಕ್ತದಲ್ಲಿ ಇದು 70-75 ಮಿ.ಗ್ರಾಂವರೆಗೆ ಏರಬಲ್ಲದು. ಹೊಟ್ಟೆ ತುಂಬಿದೆಯೇ, ಎಷ್ಟು ಹೊತ್ತಿನಲ್ಲಿ ಕುಡಿದ ಎಂಬುದರ ಮೇಲೆ ಸ್ವಲ್ಪ ಹೆಚ್ಚುಕಡಿಮೆ ಆದೀತು, ಮಿತಿಯೊಳಗಂತೂ ಬರುವುದಿಲ್ಲ. "ನಾನು ಬರೀ ಬಿಯರ್" ಎನ್ನುವವನ ಕಥೆ ಇನ್ನೂ ಚೆನ್ನ. 650 ಮಿ.ಲೀ.ನ ಒಂದು ಸ್ಟ್ರಾಂಗ್ ಬಿಯರ್ ಬಾಟಲಿಯಲ್ಲಿ ಶೇ. 7-8ರ ಮದ್ಯಸಾರ ಇರುತ್ತದೆ. ಅದು ನೈಂಟಿಗಿಂತ ಜಾಸ್ತಿಯೇ ಹೊರತು ಕಡಿಮೆಯಲ್ಲ.

ಏರಿದ್ದು ಇಳಿಯುವುದು ನಿಧಾನ. ಲಿವರ್ ಗಂಟೆಗೆ ಅಂದಾಜು 15 ಮಿ.ಗ್ರಾಂನಂತೆ ಇಳಿಸುತ್ತ ಹೋಗುತ್ತದೆ. ಅದನ್ನು ಅವಸರ ಮಾಡಿಸಲು ಲಿಂಬೆರಸಕ್ಕಾಗಲಿ, ಗಟ್ಟಿ ಕಾಫಿಗಾಗಲಿ, ತಣ್ಣೀರಿನ ಸ್ನಾನಕ್ಕಾಗಲಿ ಸಾಧ್ಯವಿಲ್ಲ. ಏಲಕ್ಕಿ ಜಗಿದರೆ ಬಾಯಿಯ ವಾಸನೆ ಹೋದೀತು. ಪೊಲೀಸರ ಆಲ್ಕೋಮೀಟರ್ ಅಳೆಯುವುದು ಶ್ವಾಸಕೋಶದಿಂದ ಬಂದ ಗಾಳಿಯನ್ನು. ರಾತ್ರಿ ಹತ್ತೂವರೆಗೆ ಒಂದು ಕ್ವಾರ್ಟರ್ ಮುಗಿಸಿ ಮಲಗಿದವನ ರಕ್ತದಲ್ಲಿ ಬೆಳಗ್ಗೆ ಆರಕ್ಕೂ ಮಿತಿಗಿಂತ ಹೆಚ್ಚು ಉಳಿದಿರಬಹುದು. ಅವನಿಗೆ ನಿಶೆ ಇಳಿದಂತೆ ಅನಿಸಿರುತ್ತದೆ. ಮುಖ ತೊಳೆದು, ಹಣೆಗೆ ವಿಭೂತಿ ಹಚ್ಚಿ, ಶಾಲಾ ವ್ಯಾನಿನ ಸ್ಟೇರಿಂಗ್ ಹಿಡಿಯುತ್ತಾನೆ. ಇತ್ತೀಚಿನ ವರ್ಷಗಳಲ್ಲಿ ಬೆಂಗಳೂರು ಸಂಚಾರ ಪೊಲೀಸರು ಬೆಳಗಿನ ಹೊತ್ತು ಶಾಲಾ ವಾಹನಗಳನ್ನು ನಿಲ್ಲಿಸಿ ಊದಿಸಿದಾಗ ಚಾಲಕರು ಸಿಕ್ಕಿಬಿದ್ದದ್ದು ಒಂದೆರಡು ಸಲವಲ್ಲ. ಬೆಳಗ್ಗೆ ಎದ್ದು ಕುಡಿದವರು ಅವರಲ್ಲಿ ಕೆಲವರಿರಬಹುದು. ಉಳಿದವರದು ನಿನ್ನೆಯ ಲೆಕ್ಕ.

ಮಿತಿಯೊಳಗಿದ್ದರೆ ಅಪಾಯ ಇಲ್ಲ ಎಂದೂ ಅಲ್ಲ. ಅಮೆರಿಕದ ರಾಬರ್ಟ್ ಬೋರ್ಕೆನ್‌ಸ್ಟೈನ್ 1954ರಲ್ಲಿ ಊದುವ ಯಂತ್ರ ಕಂಡುಹಿಡಿದವನು. ಅಷ್ಟಕ್ಕೆ ಬಿಡದೆ ಮಿಷಿಗನ್ ರಾಜ್ಯದ ಗ್ರ್ಯಾಂಡ್ ರ್‍ಯಾಪಿಡ್ಸ್ ಊರಿನಲ್ಲಿ ಅಪಘಾತಕ್ಕೀಡಾದ ಚಾಲಕರನ್ನೂ, ಅದೇ ಜಾಗದಲ್ಲಿ ಅಂಥದೇ ಹೊತ್ತಿನಲ್ಲಿ ಸುರಕ್ಷಿತವಾಗಿ ದಾಟಿಹೋಗುತ್ತಿದ್ದ ಚಾಲಕರನ್ನೂ ಊದಿಸಿ ಹೋಲಿಸಿದ. 1964ರಲ್ಲಿ ಹೊರಬಂದ ಆ ಅಧ್ಯಯನದಿಂದೀಚೆಗೆ, ರಕ್ತದಲ್ಲಿ ಮದ್ಯಸಾರ ಏರಿದಂತೆ ಅಪಾಯ ಅದಕ್ಕಿಂತ ಕಡಿದಾಗಿ ಏರುತ್ತದೆ ಎಂಬುದರಲ್ಲಿ ತಕರಾರು ಉಳಿದಿಲ್ಲ. ಮೊದಲು ಮಂಕಾಗುವುದು ಕೈಕಾಲಲ್ಲ, ತೀರ್ಮಾನ. ಎದುರಿನ ಲಾರಿ ಎಷ್ಟು ದೂರದಲ್ಲಿದೆ, ಓವರ್‌ಟೇಕ್‌ಗೆ ಜಾಗ ಇದೆಯೇ ಎಂಬ ಅಂದಾಜು. ಗಂಟೆಗೆ 60 ಕಿ.ಮೀ. ವೇಗದಲ್ಲಿ ಹೋಗುವ ಬೈಕು ಒಂದು ಸೆಕೆಂಡಿಗೆ ಹದಿನಾರು ಮೀಟರಿಗೂ ಹೆಚ್ಚು ಸಾಗುತ್ತದೆ. ಕಬ್ಬಿನ ಟ್ರೇಲರ್ ಕಂಡದ್ದಕ್ಕೂ ಬ್ರೇಕಿನ ಮೇಲೆ ಕಾಲು ಬೀಳುವುದಕ್ಕೂ ನಡುವೆ ಅರ್ಧ ಸೆಕೆಂಡು ತಡವಾದರೂ ಸಾಕು.

ಪತ್ರಿಕೆ, ಟೀವಿಗಳಲ್ಲಿ ಕುಡಿದು ಓಡಿಸುವವನೆಂದರೆ ಕಾರಿನವನು, ಅದೂ ದೊಡ್ಡವರ ಮಗ. 1999ರ ಜನವರಿಯಲ್ಲಿ ದೆಹಲಿಯ ಲೋಧಿ ಕಾಲೊನಿಯಲ್ಲಿ ಬಿಎಂಡಬ್ಲ್ಯು ಕಾರು ಆರು ಜನರನ್ನು ಬಲಿತೆಗೆದುಕೊಂಡಿತು. ಅವರಲ್ಲಿ ಮೂವರು ಪೊಲೀಸರು. 2006ರ ನವೆಂಬರಿನಲ್ಲಿ ಮುಂಬೈನ ಕಾರ್ಟರ್ ರಸ್ತೆಯಲ್ಲಿ ಫುಟ್‌ಪಾತ್ ಮೇಲೆ ಮಲಗಿದ್ದ ಏಳು ಕೂಲಿಕಾರರು ಸತ್ತರು. 2012ರಲ್ಲಿ ಸುಪ್ರೀಂ ಕೋರ್ಟ್ ಎರಡನ್ನೂ ಬರೀ ಅಜಾಗರೂಕತೆ ಎನ್ನದೆ ಕೊಲೆಯಲ್ಲದ ನರಹತ್ಯೆ ಎಂದು ಪರಿಗಣಿಸಿತು. ಶಿಕ್ಷೆ ಮಾತ್ರ ಕಾರ್ಟರ್ ರಸ್ತೆಯ ಪ್ರಕರಣದಲ್ಲಿ ಮೂರು ವರ್ಷ. ದೆಹಲಿಯ ಪ್ರಕರಣದಲ್ಲಿ ಆಗಲೇ ಕಳೆದಿದ್ದ ಜೈಲುವಾಸವೇ ಸಾಕೆಂದು ದಂಡ ಮತ್ತು ಸಮುದಾಯ ಸೇವೆ. 2024ರ ಮೇ ತಿಂಗಳಲ್ಲಿ ಪುಣೆಯಲ್ಲಿ ಹದಿನೇಳರ ಹುಡುಗನೊಬ್ಬನ ಪೋರ್ಶೆ ಕಾರಿಗೆ ಸಿಕ್ಕು ಇಬ್ಬರು ಯುವ ಎಂಜಿನಿಯರುಗಳು ಸತ್ತಾಗ, ಜಾಮೀನಿನ ಷರತ್ತಾಗಿ ರಸ್ತೆ ಸುರಕ್ಷತೆಯ ಬಗ್ಗೆ 300 ಪದಗಳ ಪ್ರಬಂಧ ಬರೆಯಲು ಹೇಳಿದ್ದು ದೇಶವನ್ನೇ ಕೆರಳಿಸಿತು. ನನ್ನನ್ನು ಹೆಚ್ಚು ಕಲಕಿದ್ದು ಆಮೇಲೆ ಬಯಲಾದ ಆರೋಪ: ಹುಡುಗನ ರಕ್ತದ ಮಾದರಿಯನ್ನೇ ಬದಲಾಯಿಸಲಾಗಿತ್ತಂತೆ. ಡಾಕ್ಟರುಗಳ ಬಂಧನವೂ ಆಯಿತು. ಮಂಡ್ಯದ ಸೋದರಮಾವ ಕೈಮುಗಿದು ಕೇಳಿದ್ದನ್ನು ಪುಣೆಯಲ್ಲಿ ಹಣ ಕೊಟ್ಟು ಮಾಡಿಸಿಕೊಂಡರು ಎಂಬುದು ಪೊಲೀಸರ ಆರೋಪ. ಉದ್ದೇಶ ಬೇರೆ, ದಾರಿ ಒಂದೇ. ಕಾಗದದ ಮೇಲೆ ಮದ್ಯ ಬರಬಾರದು.

ಕಾರುಗಳ ಈ ಕಥೆಗಳಲ್ಲಿ ಒಂದು ಸಂಗತಿ ಮರೆಯಾಗುತ್ತದೆ. ನಮ್ಮ ರಸ್ತೆಗಳಲ್ಲಿ ಸಾಯುವ ನೂರು ಮಂದಿಯಲ್ಲಿ ಸುಮಾರು 44 ಮಂದಿ ಬೈಕು, ಸ್ಕೂಟರಿನವರು. ಕುಡಿದು ಓಡಿಸುವ ಸಾಮಾನ್ಯ ಮನುಷ್ಯ ಇರುವುದು ಅಲ್ಲಿ. ಗಾರೆ ಕೆಲಸ ಮುಗಿಸಿ ಬಟವಾಡೆಯ ದಿನ ಒಂದು ಟೆಟ್ರಾ ಪ್ಯಾಕೆಟ್ ಹರಿದವನು, ಬೀಗರೂಟಕ್ಕೆ ಹೋಗಿ ಬರುವವನು. ಬಹಳ ಸಲ ಸಾಯುವವನೂ ಅವನೇ. ಅದಕ್ಕೇ ಅದು ಸುದ್ದಿಯಾಗುವುದಿಲ್ಲ. "ಮಾಡಿದ್ದುಣ್ಣೋ ಮಹಾರಾಯ" ಎಂದು ಊರು ಸುಮ್ಮನಾಗುತ್ತದೆ.

ತನ್ನಷ್ಟಕ್ಕೆ ಸತ್ತ ಎನ್ನುವುದಕ್ಕೂ ಆಗದು. 2025ರ ಅಕ್ಟೋಬರ್ 24ರ ನಸುಕಿನಲ್ಲಿ, ಹೈದರಾಬಾದಿನಿಂದ ಬೆಂಗಳೂರಿಗೆ ಬರುತ್ತಿದ್ದ ಖಾಸಗಿ ಸ್ಲೀಪರ್ ಬಸ್ಸು ಕರ್ನೂಲು ಹತ್ತಿರದ ಚಿನ್ನಟೇಕೂರಿನ ಬಳಿ ಹೊತ್ತಿ ಉರಿಯಿತು. ಒಳಗಿದ್ದ 19 ಪ್ರಯಾಣಿಕರು ಸತ್ತರು. ದೀಪಾವಳಿಗೆ ಊರಿಗೆ ಹೋಗಿ ಬೆಂಗಳೂರಿನ ಕೆಲಸಕ್ಕೆ ಮರಳುತ್ತಿದ್ದವರೂ ಅವರಲ್ಲಿದ್ದರು. ಗುರುತು ಹಿಡಿಯಲು ಡಿಎನ್ಎ ಪರೀಕ್ಷೆ ಬೇಕಾಯಿತು. ತನಿಖೆಯಲ್ಲಿ ಕಂಡದ್ದು ಇಷ್ಟು: ಬಸ್ಸು ಬರುವ ಕೆಲವೇ ನಿಮಿಷ ಮೊದಲು ಒಂದು ಬೈಕು ತಾನಾಗಿಯೇ ಡಿವೈಡರಿಗೆ ಬಡಿದು ಸವಾರ ಸತ್ತಿದ್ದ, ರಸ್ತೆ ಮೇಲೆ ಬಿದ್ದಿದ್ದ ಆ ಬೈಕಿನ ಮೇಲೆ ಬಸ್ಸು ಹರಿದು, ಅದನ್ನು ಎಳೆದುಕೊಂಡು ಹೋಗಿ ಬೆಂಕಿ ಹತ್ತಿತ್ತು. ಸವಾರ ಮದ್ಯ ಸೇವಿಸಿದ್ದು ವಿಧಿವಿಜ್ಞಾನ ಪರೀಕ್ಷೆಯಲ್ಲಿ ಖಚಿತವಾಯಿತು. ಬಸ್ಸಿನ ವಿನ್ಯಾಸ, ನಿರ್ಗಮನದ ಬಾಗಿಲು, ಚಾಲಕನ ನಡವಳಿಕೆ ಎಲ್ಲದರ ತಪ್ಪೂ ಸೇರಿಕೊಂಡಿರುವ ದುರಂತ ಅದು. ಆದರೂ ಸರಪಳಿಯ ಮೊದಲ ಕೊಂಡಿ ಒಂದು ಬೈಕು, ಒಂದು ರಾತ್ರಿಯ ಕುಡಿತ. ವಿಧಿವಿಜ್ಞಾನ ತಜ್ಞರು ಬಂದದ್ದರಿಂದ ಮಾತ್ರ ಅದು ದಾಖಲಾಯಿತು. ಅವನೊಬ್ಬನೇ ಸತ್ತಿದ್ದರೆ ಅದೂ 'ಸ್ವಯಂ ಅಪಘಾತ'ದ ಸಾಲಿಗೆ ಸೇರಿ ಮುಗಿಯುತ್ತಿತ್ತೇನೋ.

ಸತ್ತವರ ಮನೆಯ ಬಗ್ಗೆ ಮಾತಾಡುವುದು ಒಂದು ರೀತಿಯಲ್ಲಿ ಸುಲಭ. ಕೋರ್ಟೂ ಅದಕ್ಕೊಂದು ಲೆಕ್ಕ ಮಾಡಿಟ್ಟಿದೆ. ಮೋಟಾರು ಅಪಘಾತ ನ್ಯಾಯಮಂಡಳಿಯಲ್ಲಿ ಸತ್ತವನ ವಯಸ್ಸು, ಆದಾಯ ಹಿಡಿದು ಗುಣಾಕಾರ ಮಾಡುತ್ತಾರೆ. ಅದರ ಮೇಲೆ, 2017ರ ಸುಪ್ರೀಂ ಕೋರ್ಟ್ ಸಂವಿಧಾನ ಪೀಠದ ತೀರ್ಪಿನಂತೆ, ಅಂತ್ಯಕ್ರಿಯೆಗೆ 15,000, ಸಾಂಗತ್ಯದ ನಷ್ಟಕ್ಕೆ 40,000 ರೂಪಾಯಿ. ಮೂರು ವರ್ಷಕ್ಕೊಮ್ಮೆ ಶೇ. 10ರ ಏರಿಕೆ. ಮರುವರ್ಷ ಇನ್ನೊಂದು ತೀರ್ಪು, ಸಾಂಗತ್ಯ ಎಂದರೆ ಗಂಡ ಹೆಂಡಿರದು ಮಾತ್ರವಲ್ಲ, ತಂದೆಯನ್ನು ಕಳೆದುಕೊಂಡ ಮಕ್ಕಳದ್ದೂ ಮಕ್ಕಳನ್ನು ಕಳೆದುಕೊಂಡ ತಂದೆತಾಯಿಯದ್ದೂ ಹೌದು ಎಂದಿತು. ನ್ಯಾಯಾಧೀಶರು ಕೈಲಾದಷ್ಟು ಮಾಡಿದ್ದಾರೆ. ನಲವತ್ತು ಸಾವಿರ ಎಂಬ ಅಂಕಿಯನ್ನು ಓದುವಾಗ ಮಾತ್ರ ಸ್ವಲ್ಪ ಹೊತ್ತು ಪುಟ ತಿರುವಲಾಗುವುದಿಲ್ಲ.

ಸಾಯದೆ ಉಳಿದವರ ಮನೆಗೆ ಯಾರೂ ಹೋಗುವುದಿಲ್ಲ. ನಮ್ಮ ಬೀದಿಯ ಒಬ್ಬ ಅಕ್ಕನ ಗಂಡ ಒಂಬತ್ತು ವರ್ಷದ ಹಿಂದೆ ಕುಡಿದು ಬರುವಾಗ ಸ್ಕೂಟರಿನಿಂದ ಬಿದ್ದರು. ಮಿದುಳಿನ ಮುಂಭಾಗಕ್ಕೆ ಪೆಟ್ಟು. ಮೂರು ತಿಂಗಳು ಆಸ್ಪತ್ರೆ, ಒಂದು ವರ್ಷ ಮೂಗಿನ ನಳಿಕೆಯಲ್ಲಿ ಗಂಜಿ. ಈಗ ನಡೆದಾಡುತ್ತಾರೆ. ಆದರೆ ಬೆಳಗಿನದು ಮಧ್ಯಾಹ್ನಕ್ಕೆ ನೆನಪಿರುವುದಿಲ್ಲ. ಮೊದಲು ದನಿ ಎತ್ತಿ ಮಾತಾಡದಿದ್ದ ಮನುಷ್ಯ ಈಗ ತಟ್ಟೆ ಎಸೆಯುತ್ತಾರೆ. ಅಡುಗೆಮನೆಯ ಬಾಗಿಲ ಪಕ್ಕ ಮಗನ ಹಳೆಯ ಸ್ಲೇಟೊಂದನ್ನು ಅಕ್ಕ ಮೊಳೆಗೆ ನೇತುಹಾಕಿದ್ದಾರೆ. ದಿನಾ ಬೆಳಗ್ಗೆ ಬಳಪದಲ್ಲಿ ಬರೆಯುತ್ತಾರೆ: 'ಇವತ್ತು ಗುರುವಾರ. ಮಗ ಕೆಲಸಕ್ಕೆ ಹೋಗಿದ್ದಾನೆ. ಮಾತ್ರೆ ಆಯಿತು.' ಒಮ್ಮೆ ನನಗೆ ಕಾಫಿ ಕೊಡುತ್ತ, ಒಳಗೆ ಕೇಳಿಸದ ಹಾಗೆ ಹೇಳಿದರು: "ಹೋಗಿಬಿಟ್ಟಿದ್ರೆ ಅತ್ತು ಮುಗಿಸ್ತಿದ್ದೆ ಕಣಪ್ಪ." ಆಮೇಲೆ ತಾವೇ ಗಲ್ಲ ಬಡಿದುಕೊಂಡರು. ಬಂದವರೆಲ್ಲ ಅವರನ್ನು ಕೇಳುವ ಪ್ರಶ್ನೆ ಒಂದೇ, "ಅವತ್ತು ನೀವಾದ್ರೂ ಬೇಡ ಅನ್ನಬಾರದಿತ್ತಾ?" ಕುಡಿದವನು ಅವನು, ಉತ್ತರ ಹೇಳಬೇಕಾದವಳು ಇವಳು. ಇಂಥ ಮನೆಗಳು ರಾಜ್ಯದಲ್ಲಿ ಎಷ್ಟಿವೆಯೋ, ಗಾಯಾಳುಗಳ ಪಟ್ಟಿಯಲ್ಲಿ ಒಂದು ಗೆರೆ ಎಂಬುದು ಬಿಟ್ಟರೆ ಅವಕ್ಕೆ ಬೇರೆ ದಾಖಲೆ ಇಲ್ಲ.

ಕಾನೂನು ಸುಮ್ಮನೆ ಕೂತಿಲ್ಲ. 2019ರ ಸೆಪ್ಟೆಂಬರಿನಿಂದ ಮೊದಲ ಸಲ ಸಿಕ್ಕರೆ 10,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಜೈಲು ಅಥವಾ ಎರಡೂ. ಮತ್ತೆ ಸಿಕ್ಕರೆ 15,000 ಅಥವಾ ಎರಡು ವರ್ಷದವರೆಗೆ ಜೈಲು ಅಥವಾ ಎರಡೂ. ಹಿಂದೆ ಮೊದಲ ಸಲದ ದಂಡ ಎರಡು ಸಾವಿರದವರೆಗೆ ಇತ್ತು. ದಂಡ ಏರಿದ್ದರಿಂದ ಸ್ವಲ್ಪ ಹೆದರಿಕೆ ಹುಟ್ಟಿದೆ, ಇಲ್ಲವೆನ್ನಲಾರೆ. ಆದರೆ ಆ ಹೆದರಿಕೆ ದಂಡದ್ದೇ ಹೊರತು ಸಾವಿನದ್ದಲ್ಲ. ವಾರಾಂತ್ಯದ ರಾತ್ರಿ ಎಲ್ಲಿ ಊದಿಸುತ್ತಿದ್ದಾರೆ ಎಂಬ ಸುದ್ದಿ ಬಾರಿನಿಂದ ಬಾರಿಗೆ ಫೋನಿನಲ್ಲಿ ಹರಿದಾಡುತ್ತದೆ. ಫ್ಲೈಓವರ್ ಕೆಳಗೆ ಬ್ಯಾರಿಕೇಡ್ ಕಂಡೊಡನೆ ಗಲ್ಲಿಗೆ ತಿರುಗುವ ಬೈಕುಗಳನ್ನು ನೋಡಬೇಕು. ನಗರ ಬಿಟ್ಟು ಮೂವತ್ತು ಕಿಲೋಮೀಟರು ಹೋದರೆ ಊದಿಸುವವರೇ ಇಲ್ಲ.

ಹೆದ್ದಾರಿ ಬದಿಯ ಮದ್ಯದಂಗಡಿಗಳನ್ನೇ ಎತ್ತಿಸುವ ಪ್ರಯತ್ನವೂ ನಡೆಯಿತು. 2016ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್ ಹೆದ್ದಾರಿಯಿಂದ 500 ಮೀಟರ್ ಒಳಗೆ ಮದ್ಯ ಮಾರಬಾರದು ಎಂದಿತು. ನಮ್ಮಲ್ಲಿ ಅಬಕಾರಿ ವರ್ಷ ತಿರುಗುವುದು ಜುಲೈ ಒಂದಕ್ಕೆ. 2017ರ ಆ ದಿನ ಬೆಂಗಳೂರಿನ ಎಂ.ಜಿ. ರಸ್ತೆ, ಬ್ರಿಗೇಡ್ ರಸ್ತೆಯ ಬಾರುಗಳು ಬಾಗಿಲು ಹಾಕಿದವು. ಚಂಡೀಗಢದಂಥ ಕಡೆ ಹೆದ್ದಾರಿಗಳನ್ನೇ ನಗರದ ರಸ್ತೆಗಳೆಂದು ಕರೆದು ದಾರಿ ಹುಡುಕಿಕೊಂಡರು. ಜುಲೈ ತಿಂಗಳಲ್ಲೇ ಕೋರ್ಟ್, ಆದೇಶ ನಗರ ಮಿತಿಯೊಳಗಿನ ಅಂಗಡಿಗಳಿಗೆ ಅಡ್ಡಿಯಲ್ಲ ಎಂದು ಸ್ಪಷ್ಟಪಡಿಸಿತು. ರಾಜ್ಯದ 2025-26ರ ಬಜೆಟ್ಟಿನಲ್ಲಿ ಅಬಕಾರಿಯಿಂದ ನಿರೀಕ್ಷಿಸಿದ್ದು 40,000 ಕೋಟಿ ರೂಪಾಯಿ. ಮದ್ಯ ಬೇಡವೆನ್ನುವ ಧೈರ್ಯ ಯಾವ ಸರ್ಕಾರಕ್ಕೂ ಇಲ್ಲ, ನಾನೂ ಅದನ್ನು ಕೇಳುತ್ತಿಲ್ಲ. ಆ ನಲವತ್ತು ಸಾವಿರ ಕೋಟಿಯಲ್ಲಿ ಕುಡಿದವನನ್ನು ಮನೆ ಮುಟ್ಟಿಸುವುದಕ್ಕೆ ಎಷ್ಟು ಎಂದು ಕೇಳುತ್ತಿದ್ದೇನೆ. ರಾತ್ರಿ ಹನ್ನೊಂದರ ಮೇಲೆ ಹಳ್ಳಿ ಕಡೆಗೆ ಒಂದು ಬಸ್ಸಿಲ್ಲ. ಬಾರು ಮಾತ್ರ ಪಾರ್ಕಿಂಗ್ ಸಮೇತ ತೆರೆದಿರುತ್ತದೆ.

ಬೇರೆ ದೇಶಗಳೇನು ಹುಟ್ಟಿನಿಂದ ಶಿಸ್ತಿನವಲ್ಲ. ಬ್ರಿಟನ್ನಿನಲ್ಲಿ 1967ರಲ್ಲಿ ಊದಿಸುವ ಕಾನೂನು ತಂದ ಸಚಿವೆ ಬಾರ್ಬರಾ ಕ್ಯಾಸಲ್‌ಗೆ ಸ್ವತಃ ಗಾಡಿ ಓಡಿಸಲು ಬರುತ್ತಿರಲಿಲ್ಲ. "ಇವಳಿಗೇನು ಗೊತ್ತು" ಎಂದು ಬೈದವರೇ ಬಹಳ. ಆಸ್ಟ್ರೇಲಿಯದ ನ್ಯೂ ಸೌತ್ ವೇಲ್ಸ್ 1982ರ ಡಿಸೆಂಬರಿನಲ್ಲಿ ಅನುಮಾನ ಇರಲಿ ಬಿಡಲಿ ಯಾರನ್ನಾದರೂ ನಿಲ್ಲಿಸಿ ಊದಿಸುವ ಪದ್ಧತಿ ತಂದಿತು. ಮರುವರ್ಷ ರಸ್ತೆ ಸಾವುಗಳು ಸುಮಾರು ಐದರಲ್ಲಿ ಒಂದು ಪಾಲು ಇಳಿದವು. ಶಿಕ್ಷೆ ದೊಡ್ಡದಾಗಿದ್ದರಿಂದಲ್ಲ, ಸಿಕ್ಕಿಬೀಳುವುದು ಖಚಿತ ಎನಿಸಿದ್ದರಿಂದ. ಜಪಾನಿನ ಕಥೆ ನಮಗೆ ಇನ್ನೂ ಹತ್ತಿರದ್ದು. 2006ರ ಆಗಸ್ಟಿನಲ್ಲಿ ಫುಕುವೋಕದಲ್ಲಿ ಕುಡಿದಿದ್ದ ನಗರಾಡಳಿತದ ನೌಕರನೊಬ್ಬ ಹಿಂದಿನಿಂದ ಗುದ್ದಿ, ಒಂದು ಕುಟುಂಬದ ಕಾರು ಸೇತುವೆಯಿಂದ ಕೆಳಗೆ ಬಿದ್ದು ಮೂರು ಪುಟ್ಟ ಮಕ್ಕಳು ಸತ್ತವು. ಮರುವರ್ಷ ಜಪಾನು ಕಾನೂನು ಬದಲಿಸಿತು. ಓಡಿಸಿದವನಿಗಷ್ಟೇ ಅಲ್ಲ, ಓಡಿಸುತ್ತಾನೆಂದು ಗೊತ್ತಿದ್ದೂ ಮದ್ಯ ಕೊಟ್ಟವನಿಗೆ, ಗಾಡಿ ಕೊಟ್ಟವನಿಗೆ, ಪಕ್ಕದಲ್ಲಿ ಕೂತು ಬಂದವನಿಗೂ ಶಿಕ್ಷೆ.

ನಮ್ಮಲ್ಲೂ ಇದಕ್ಕೆ ಬೀಜ ಇದೆ. ಮೋಟಾರು ವಾಹನ ಕಾಯ್ದೆಯ 188ನೇ ಕಲಮು, ಕುಡಿದು ಓಡಿಸಲು ಕುಮ್ಮಕ್ಕು ಕೊಟ್ಟವನಿಗೂ ಓಡಿಸಿದವನಷ್ಟೇ ಶಿಕ್ಷೆ ಎನ್ನುತ್ತದೆ. ಇದರ ಬಗ್ಗೆ ನಾನು ವಿಚಾರಿಸಿದ ಹತ್ತು ಜನರಲ್ಲಿ ಒಬ್ಬರೂ ಮೊದಲು ಕೇಳಿರಲಿಲ್ಲ, ಇಬ್ಬರು ವಕೀಲರನ್ನೂ ಸೇರಿಸಿ. ಕ್ಯಾಲಿಫೋರ್ನಿಯಾದಲ್ಲಿರುವ ನನ್ನೊಬ್ಬ ಗೆಳೆಯ ಅಲ್ಲಿ ಒಂದು ಗ್ಲಾಸ್ ವೈನ್ ಕುಡಿದರೂ ಕೀಲಿಯನ್ನು ಹೆಂಡತಿಗೆ ಕೊಡುತ್ತಾನೆ. ಬೆಂಗಳೂರಿಗೆ ಬಂದರೆ ಮೂರು ಪೆಗ್ ಹಾಕಿ ಬಾಡಿಗೆ ಕಾರು ಓಡಿಸುತ್ತಾನೆ. ಮನುಷ್ಯ ಅವನೇ. ಸುತ್ತ ಇರುವವರು ಬೇರೆ, ಅಷ್ಟೇ.

ಆ ಸುತ್ತ ಇರುವವರಲ್ಲಿ ನಾನೂ ಒಬ್ಬ. ಪಿಯುಸಿಯಲ್ಲಿದ್ದಾಗ ಚಿಕ್ಕಪ್ಪನ ಬೈಕಿನ ಹಿಂದೆ ಕೂತು ಒಂದು ಮದುವೆಯ ರಾತ್ರಿ ಹದಿನೆಂಟು ಕಿಲೋಮೀಟರು ಬಂದಿದ್ದೇನೆ. ಅವರ ಬಾಯಿಂದ ವಾಸನೆ ಗಾಳಿಗೆ ಹಿಂದಕ್ಕೆ ಬಡಿಯುತ್ತಿತ್ತು, ಗಾಡಿ ರಸ್ತೆಯ ಬಿಳಿ ಗೆರೆಯನ್ನು ದಾಟಿ ದಾಟಿ ಬರುತ್ತಿತ್ತು. ಕಣ್ಣು ಮುಚ್ಚಿಕೊಂಡೆನೇ ಹೊರತು ಬಾಯಿ ಬಿಡಲಿಲ್ಲ. ದೊಡ್ಡವರಿಗೆ ಹೇಳುವುದು ಹೇಗೆ ಎಂಬ ಸಂಕೋಚ. ಅವತ್ತು ಏನೂ ಆಗಲಿಲ್ಲ. ಏನೂ ಆಗದ ಇಂಥ ರಾತ್ರಿಗಳೇ "ನನಗೆ ಕಂಟ್ರೋಲ್ ಇದೆ" ಎಂಬ ನಂಬಿಕೆಯನ್ನು ಸಾಕಿ ಬೆಳೆಸುವುದು.

ಹಾಗಾಗಿ ನನ್ನ ಅಹವಾಲು ಎರಡೇ. ಸರ್ಕಾರಕ್ಕೆ: ಅಪಘಾತದಲ್ಲಿ ಸತ್ತ, ಆಸ್ಪತ್ರೆ ಸೇರಿದ ಪ್ರತಿಯೊಬ್ಬ ಚಾಲಕನ ರಕ್ತಪರೀಕ್ಷೆ ಕಡ್ಡಾಯ ಮಾಡಿ, ಫಲಿತಾಂಶ ಬರೆಯಿರಿ. ಅದರ ಜೊತೆಗೇ ಸತ್ತವನ ಹೆಂಡತಿ ಮಕ್ಕಳಿಗೆ ಒಂದಿಷ್ಟು ಪರಿಹಾರ ಮುಟ್ಟುವ ದಾರಿ ಮಾಡಿ. ತಪ್ಪು ಅವರದಲ್ಲ, ಮತ್ತು ಅವರ ಅನ್ನ ಕಿತ್ತುಕೊಳ್ಳುವವರೆಗೂ ಯಾವ ಸೋದರಮಾವನೂ ನಿಜ ಬರೆಯಗೊಡುವುದಿಲ್ಲ. ಇನ್ನೊಂದು, ಇದನ್ನು ಓದುತ್ತಿರುವ ನಿಮಗೆ. ಮುಂದಿನ ಬಾಡೂಟಕ್ಕೋ ಬೀಗರೂಟಕ್ಕೋ ಹೊರಟಾಗ, ಹೊಸಿಲು ದಾಟುವ ಮೊದಲೇ ಕೇಳಿ: ವಾಪಸ್ ಬರುವಾಗ ಗಾಡಿ ಯಾರು ಓಡಿಸುತ್ತಾರೆ? ಉತ್ತರ ಸಿಗುವವರೆಗೆ ಕೀಲಿ ನಿಮ್ಮ ಹತ್ತಿರವೇ ಇರಲಿ.